ಸೊಸೈಟಿ ಮೊಬೈಲಿಗೆ ಬಂದರೆ ಯಜಮಾನ ಯಾರು?

ಸಂಶೋಧನೆ ಅಂದರೆ ನಮಗೆ ನೆನಪಾಗುವುದು ಹೊಸ ತಳಿ, ಕೊಳೆರೋಗದ ಔಷಧಿ, ಮಣ್ಣು ಪರೀಕ್ಷೆ. 'ಸೊಸೈಟಿಯ ಬಗ್ಗೆಯೂ ಸಂಶೋಧನೆ ಮಾಡ್ತಾರೆ, ಅದಕ್ಕೆ ಫೆಲೋಶಿಪ್ ಕೊಡ್ತಾರೆ' ಎಂದರೆ ನಗುವವರೇ ಹೆಚ್ಚು. ಸೊಸೈಟಿಯಲ್ಲಿ ಸಂಶೋಧನೆ ಮಾಡುವುದಕ್ಕೆ ಏನುಂಟು? ಗೊಬ್ಬರ ಬಂತೋ ಇಲ್ಲವೋ, ಸಾಲ ಸಿಕ್ಕಿತೋ ಇಲ್ಲವೋ, ಅಷ್ಟೇ ಅಲ್ಲವೇ?

ಅಷ್ಟೇ ಅಲ್ಲ. ನಮ್ಮ ಸೊಸೈಟಿಗಳು ಹುಟ್ಟಿದ್ದೇ ಒಂದು ಸಂಶೋಧನೆಯಿಂದ. 1892ರಲ್ಲಿ ಮದ್ರಾಸ್ ಸರಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಒಂದು ಕೆಲಸ ವಹಿಸಿತು. ರೈತ ಸಾಹುಕಾರನ ಬಡ್ಡಿಯಿಂದ ಪಾರಾಗುವ ದಾರಿ ಯುರೋಪಿನಲ್ಲಿ ಏನಾದರೂ ಇದೆಯೇ ಎಂದು ಅಧ್ಯಯನ ಮಾಡಿ ಬರುವುದು. ಆಗ ನಮ್ಮ ದಕ್ಷಿಣ ಕನ್ನಡವೂ ಮದ್ರಾಸಿಗೆ ಸೇರಿತ್ತು. ಅವರು 1895 ಮತ್ತು 1897ರಲ್ಲಿ ವರದಿ ಕೊಟ್ಟರು. ಜರ್ಮನಿಯಲ್ಲಿ ರೈಫೈಸನ್ ಎಂಬವರು 1864ರಲ್ಲಿ ಕಟ್ಟಿದ ಹಳ್ಳಿ ಸಾಲದ ಸಂಘ ಅವರಿಗೆ ಹಿಡಿಸಿತ್ತು. ಚಿಕ್ಕ ವ್ಯಾಪ್ತಿ, ಒಬ್ಬರನ್ನೊಬ್ಬರು ಬಲ್ಲ ಸದಸ್ಯರು, ಎಲ್ಲರ ಜವಾಬ್ದಾರಿ, ಇವೇ ಅದರ ಬುಡ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಎದ್ದಿತು. ನಮ್ಮ ಕಡೆ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರದ ಬೀಜ ಬಿತ್ತಿದರು.

ಇಷ್ಟು ಹಳೆ ಕತೆ ಯಾಕೆ ಅಂದರೆ, ಈಗ ಅಂಥದ್ದೇ ಇನ್ನೊಂದು ಹುಡುಕಾಟ ನಡೆಯುತ್ತಿದೆ. ಸಾಹುಕಾರನ ಜಾಗದಲ್ಲಿ ಈಗ ಮೊಬೈಲಿನ ಆ್ಯಪ್ ಇದೆ.

ಪ್ಲಾಟ್‌ಫಾರ್ಮ್ ಅಂದರೆ

ರೈಲಿನದ್ದಲ್ಲ. ಆದರೆ ಹೋಲಿಕೆ ತಪ್ಪಲ್ಲ. ಮಾರುವವರು, ಕೊಳ್ಳುವವರು, ಕೆಲಸ ಮಾಡುವವರು, ಮಾಡಿಸುವವರು ಬಂದು ಸೇರುವ ಜಾಗ. ಜಾಗದ ಯಜಮಾನ ಯಾರೋ ಅವನು ಪ್ರತಿ ವ್ಯವಹಾರದಲ್ಲೂ ಇಷ್ಟು ಎಂದು ಮುರಿದುಕೊಳ್ಳುತ್ತಾನೆ. ಬಾಡಿಗೆ ಕಾರು, ಊಟ ತಲುಪಿಸುವುದು, ಮನೆಗೆ ಎಲೆಕ್ಟ್ರಿಶಿಯನ್ ಕರೆಸುವುದು, ಎಲ್ಲಕ್ಕೂ ಈಗ ಇಂಥ ಆ್ಯಪ್‌ಗಳಿವೆ. ಕೆಲಸ ಮಾಡುವವರನ್ನು ನೌಕರರು ಎನ್ನುವುದಿಲ್ಲ, 'ಪಾರ್ಟ್‌ನರ್' ಎನ್ನುತ್ತಾರೆ. ಕೇಳಲಿಕ್ಕೆ ಚಂದ. ಪಾಲು ಮಾತ್ರ ಇಲ್ಲ!

ನೀತಿ ಆಯೋಗದ 2022ರ ವರದಿಯಂತೆ 2020-21ರಲ್ಲಿ ದೇಶದಲ್ಲಿ ಇಂಥ ಗಿಗ್ ಕೆಲಸಗಾರರು 77 ಲಕ್ಷ. 2029-30ಕ್ಕೆ 2.35 ಕೋಟಿ ಆದಾರು ಎಂಬ ಅಂದಾಜು. ಇವರಲ್ಲಿ ನಮ್ಮ ಹಳ್ಳಿ ಮನೆಗಳ ಮಕ್ಕಳೂ ಇದ್ದಾರೆ.

ನನ್ನ ತಮ್ಮನ ಮಗ ಅವರಲ್ಲಿ ಒಬ್ಬ. ಬೆಂಗಳೂರಿನಲ್ಲಿ ಬೈಕಿನಲ್ಲಿ ಊಟ ತಲುಪಿಸುತ್ತಾನೆ. ಒಂದು ದಿನ ಬೆಳಗ್ಗೆ ಆ್ಯಪ್ ತೆರೆದರೆ ಅವನ ಖಾತೆಯೇ ಬಂದ್. ಗಿರಾಕಿ ಯಾರೋ ದೂರು ಕೊಟ್ಟಿರಬೇಕು. ಯಾವ ದೂರು, ಯಾವ ದಿನದ್ದು? ಗೊತ್ತಿಲ್ಲ. ಫೋನು ಮಾಡಿದರೆ ಯಂತ್ರದ ಸ್ವರ. 'ದೊಡ್ಡಪ್ಪಾ, ಜಗಳ ಮಾಡ್ಲಿಕ್ಕಾದ್ರೂ ಒಂದು ಜನ ಬೇಕಲ್ವಾ, ಜನವೇ ಇಲ್ಲ' ಎಂದ. ಹನ್ನೊಂದು ದಿನ ಕೆಲಸವಿಲ್ಲದೆ ಕೂತ. ಮತ್ತೆ ಹೇಗೆ ಬಂದ್ ಆಗಿತ್ತೋ ಹಾಗೆಯೇ ತೆರೆದುಕೊಂಡಿತು. ಬೈಕಿನ ಸಾಲದ ಕಂತು ಮಾತ್ರ ಕಾಯಲಿಲ್ಲ. ಆ ತಿಂಗಳು ತಮ್ಮ ಹಾಲಿನ ದುಡ್ಡಿನಿಂದ ಕಳುಹಿಸಿದ.

ನಮ್ಮ ಹಾಲಿನ ಡಿಪೊದಲ್ಲಿ ಏನಾಗುತ್ತದೆ ನೋಡಿ. ಫ್ಯಾಟ್ ಕಡಿಮೆ ತೋರಿಸಿತು ಅಂತಾದರೆ ನಾವು ಅಲ್ಲೇ ನಿಂತು 'ಇನ್ನೊಮ್ಮೆ ನೋಡಿ' ಎನ್ನುತ್ತೇವೆ. ಕಾರ್ಯದರ್ಶಿ ಗೊಣಗಿಕೊಂಡಾದರೂ ನೋಡುತ್ತಾರೆ. ಸಮಾಧಾನ ಆಗದಿದ್ದರೆ ನಿರ್ದೇಶಕರಿದ್ದಾರೆ, ಮಹಾಸಭೆ ಉಂಟು, ಚುನಾವಣೆ ಉಂಟು. ಅಲ್ಲೂ ಯಂತ್ರವಿದೆ, ತೂಕ, ಫ್ಯಾಟ್ ಎಲ್ಲ ಕಂಪ್ಯೂಟರಿನಲ್ಲೇ. ವ್ಯತ್ಯಾಸ ಇಷ್ಟೇ: ಯಂತ್ರ ನಮ್ಮದು, ಅದನ್ನು ಪ್ರಶ್ನಿಸುವ ಅಧಿಕಾರವೂ ನಮ್ಮದು.

ಇದೇ ವ್ಯತ್ಯಾಸವನ್ನು ಹಿಡಿದು ಪ್ರಪಂಚದ ಕೆಲವರು ಕೂತು ಯೋಚಿಸಿದ್ದಾರೆ.

ಏನಿದು ಫೆಲೋಶಿಪ್?

ನ್ಯೂಯಾರ್ಕಿನಲ್ಲಿ ದಿ ನ್ಯೂ ಸ್ಕೂಲ್ ಎಂಬ ವಿಶ್ವವಿದ್ಯಾಲಯವಿದೆ. ಅಲ್ಲಿನ ಪ್ರಾಧ್ಯಾಪಕ ಟ್ರೆಬರ್ ಶೋಲ್ಜ್ 2014ರಲ್ಲಿ ಒಂದು ಲೇಖನ ಬರೆದರು. ಆ್ಯಪ್ ಎಂಬ ತಂತ್ರ ಕೆಟ್ಟದ್ದಲ್ಲ, ಅದರ ಒಡೆತನ ಎಲ್ಲಿದೆ ಎಂಬುದೇ ಪ್ರಶ್ನೆ. ಕೆಲಸ ಮಾಡುವವರೇ ಸಹಕಾರ ಸಂಘ ಮಾಡಿ ಆ್ಯಪ್ ನಡೆಸಿದರೆ ಹೇಗೆ? ಇದು ಅವರ ವಾದ. ಇದಕ್ಕೆ 'ಪ್ಲಾಟ್‌ಫಾರ್ಮ್ ಸಹಕಾರ' ಎಂಬ ಹೆಸರು ಬಿತ್ತು. 2015ರಲ್ಲಿ ಅಲ್ಲೇ ದೊಡ್ಡ ಸಮ್ಮೇಳನ ನಡೆಯಿತು. ಮುಂದೆ ಹಾಂಗ್‌ಕಾಂಗ್, ಬರ್ಲಿನ್, ರಿಯೊ ಡಿ ಜನೈರೊ ಅಂತ ತಿರುಗಿ 2023ರಲ್ಲಿ ಸಮ್ಮೇಳನ ನಮ್ಮ ಪಕ್ಕದ ಕೇರಳಕ್ಕೂ ಬಂತು.

2019ರಲ್ಲಿ ಇದೇ ಬಳಗ ಸಹಕಾರಿ ಡಿಜಿಟಲ್ ಆರ್ಥಿಕತೆಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಮಾಡಿತು. ಅದು ಬೇರೆ ಬೇರೆ ದೇಶದವರನ್ನು ಒಂದು ವರ್ಷದ ಅವಧಿಗೆ ಫೆಲೋ ಎಂದು ಆರಿಸುತ್ತದೆ. ಸಹಕಾರ ಸಂಘ, ಕಾರ್ಮಿಕ ಸಂಘ, ಆ್ಯಪ್ ಈ ಮೂರೂ ಎಲ್ಲಿ ಸಂಧಿಸುತ್ತವೆ, ಎಲ್ಲಿ ತಾಗುತ್ತವೆ ಎಂದು ಅವರು ಅಧ್ಯಯನ ಮಾಡಬೇಕು. ಬಂಡವಾಳ ಎಲ್ಲಿಂದ ಬಂತು? ಸದಸ್ಯರು ಓಟು ಹಾಕುತ್ತಾರೋ ಇಲ್ಲವೋ? ಲಾಭ ಹೇಗೆ ಹಂಚುತ್ತಾರೆ? ಬಾಗಿಲು ಹಾಕಿದ್ದಾದರೆ ಯಾಕೆ? ಹೀಗೆ. ಬರೆದದ್ದು ಎಲ್ಲರಿಗೂ ಓದಲು ಸಿಗುತ್ತದೆ. ಒಂದು ಊರಿನವರು ಮುಗ್ಗರಿಸಿದ ಕಲ್ಲು ಇನ್ನೊಂದು ಊರಿನವರಿಗೆ ಮೊದಲೇ ಕಾಣಲಿ ಎಂಬುದು ಉದ್ದೇಶ. ನಮ್ಮ ಪತ್ರಿಕೆಯಲ್ಲಿ ಒಬ್ಬ ಕೃಷಿಕರ ಅನುಭವ ಇನ್ನೊಬ್ಬರಿಗೆ ಗೊಬ್ಬರವಾಗುವ ಹಾಗೆ ಅಂತಿಟ್ಟುಕೊಳ್ಳಿ.

ಪಾಸಾದದ್ದು, ಫೇಲಾದದ್ದು

ಈ ಥರದ ಪ್ರಯೋಗಗಳಲ್ಲಿ ಕೆಲವನ್ನು ನೋಡುವ.

ಅಪ್ ಆ್ಯಂಡ್ ಗೋ: ನ್ಯೂಯಾರ್ಕಿನಲ್ಲಿ ಮನೆ ಶುಚಿ ಮಾಡುವ ಹೆಂಗಸರ ಸಹಕಾರ ಸಂಘಗಳು ಸೇರಿ 2017ರಲ್ಲಿ ಮಾಡಿದ ವ್ಯವಸ್ಥೆ. ಗಿರಾಕಿ ಕೊಟ್ಟ 100ರಲ್ಲಿ 95 ಕೆಲಸ ಮಾಡಿದವರಿಗೆ. ಉಳಿದ 5 ಆ್ಯಪ್ ನಡೆಸುವ ಖರ್ಚಿಗೆ.

ಡ್ರೈವರ್ಸ್ ಕೋಆಪರೇಟಿವ್: ಅದೇ ಊರಿನ ಬಾಡಿಗೆ ಕಾರು ಚಾಲಕರದ್ದು. 2021ರಲ್ಲಿ ಆ್ಯಪ್ ಬಿಟ್ಟರು. ಶೇ. 15 ಮುರಿದು ಉಳಿದದ್ದು ಚಾಲಕರಿಗೆ ಎಂಬ ಲೆಕ್ಕ. ಸಾವಿರಾರು ಚಾಲಕರು ಸೇರಿದರು. ಆದರೆ ದೊಡ್ಡ ಕಂಪೆನಿಗಳು ಸುರಿಯುವ ರಿಯಾಯಿತಿಯ ಎದುರು ಗಿರಾಕಿಯನ್ನು ಹಿಡಿದಿಡುವುದು ಭಾರೀ ಕಷ್ಟ ಎಂಬುದೂ ಅವರಿಗೆ ಗೊತ್ತಾಯಿತು.

ಕೂಪ್‌ಸೈಕಲ್: ಫ್ರಾನ್ಸಿನಲ್ಲಿ ಶುರುವಾದ, ಸೈಕಲಿನಲ್ಲಿ ಸಾಮಾನು ತಲುಪಿಸುವವರ ಸಂಘಗಳ ಒಕ್ಕೂಟ. ಇವರ ಯುಕ್ತಿ ನನಗೆ ತುಂಬ ಹಿಡಿಸಿತು. ಪ್ರತಿ ಊರಿನ ಸಂಘವೂ ಬೇರೆ ಬೇರೆ ಆ್ಯಪ್ ಮಾಡಿಸಿದರೆ ಖರ್ಚು ತಡೆಯದು. ಒಂದೇ ಸಾಫ್ಟ್‌ವೇರ್ ಮಾಡಿ ಎಲ್ಲ ಸಂಘಗಳೂ ಬಳಸುತ್ತವೆ. ಲೈಸೆನ್ಸಿನಲ್ಲಿ ಒಂದು ಶರತ್ತು: ವ್ಯಾಪಾರಕ್ಕೆ ಇದನ್ನು ಬಳಸುವವರು ಸಹಕಾರಿ ರೀತಿಯ ಸಂಸ್ಥೆಯೇ ಆಗಿರಬೇಕು. ಕೂಡುಕುಟುಂಬದ ಕೊಟ್ಟಿಗೆಯ ಹಾಗೆ, ಒಳಗಿನವರಿಗೆ ಮುಕ್ತ.

ಲೋಕೋನಾಮಿಕ್ಸ್: ಸ್ಯಾನ್ ಫ್ರಾನ್ಸಿಸ್ಕೊದ ಸ್ವಂತ ಉದ್ಯೋಗಿಗಳ ಸಹಕಾರಿ. ಉದ್ದೇಶ ಒಳ್ಳೆಯದೇ. ಆದರೆ ಸಾಕಷ್ಟು ಗಿರಾಕಿ, ಸಾಕಷ್ಟು ಸದಸ್ಯರು ಒಟ್ಟಾಗಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು.

ಇವುಗಳಿಂದ ನನಗೆ ಕಂಡ ಪಾಠ ಸರಳ. ಆ್ಯಪ್ ಮೊದಲು, ಸಂಘ ಮತ್ತೆ ಎಂದು ಹೊರಟರೆ ಕಷ್ಟ. ಅಪ್ ಆ್ಯಂಡ್ ಗೋದಲ್ಲಿ ಹೆಂಗಸರ ಸಂಘಗಳು ಮೊದಲೇ ಇದ್ದವು, ಒಬ್ಬರಿಗೊಬ್ಬರ ಪರಿಚಯವಿತ್ತು. ಆ್ಯಪ್ ಅದರ ಮೇಲೆ ಕೂತಿತು. ಬಾವಿಯಲ್ಲಿ ನೀರಿದ್ದರೆ ಪಂಪು ಯಾವುದಾದರೂ ನಡೆದೀತು. ನೀರೇ ಇಲ್ಲದಿದ್ದರೆ?

ಹೋರಾಟ, ವ್ಯಾಪಾರ ಎರಡೂ ಬೇಕು

ಫೆಲೋಶಿಪ್‌ನ ವಿಷಯದಲ್ಲಿ ಸಹಕಾರ ಸಂಘದ ಪಕ್ಕ ಯೂನಿಯನ್ ಯಾಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಯೂನಿಯನ್ ಅಂದರೆ ಬಾವುಟ, ಘೋಷಣೆ. ಸೊಸೈಟಿ ಅಂದರೆ ಲೆಕ್ಕಪುಸ್ತಕ. ಎರಡಕ್ಕೂ ಸಂಬಂಧವೇ ಇಲ್ಲ ಎಂಬ ಭಾವನೆ.

ಗುಜರಾತಿನ ಖೇಡಾ ಜಿಲ್ಲೆಯನ್ನು ನೆನಪಿಸಿಕೊಳ್ಳಿ. 1946ರಲ್ಲಿ ಅಲ್ಲಿನ ಹೈನುಗಾರರು ಪೋಲ್ಸನ್ ಕಂಪೆನಿಯ ಏಕಸ್ವಾಮ್ಯದ ವಿರುದ್ಧ ಎದ್ದರು. ಹದಿನೈದು ದಿನ ಹಾಲು ಕೊಡಲೇ ಇಲ್ಲ. ಅದು ಅಪ್ಪಟ ಮುಷ್ಕರ. ಅದೇ ವರ್ಷ ಡಿಸೆಂಬರಿನಲ್ಲಿ ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ ಅವರ ಹಾಲು ಒಕ್ಕೂಟ ನೋಂದಣಿಯಾಯಿತು. ಅದುವೇ ಮುಂದೆ ಅಮುಲ್. ಮುಷ್ಕರ ಇಲ್ಲದಿದ್ದರೆ ಸಂಘ ಹುಟ್ಟುತ್ತಿರಲಿಲ್ಲ, ಸಂಘ ಹುಟ್ಟದಿದ್ದರೆ ಮುಷ್ಕರದ ಫಲ ಹದಿನಾರನೇ ದಿನಕ್ಕೆ ಹುಳಿಯಾಗುತ್ತಿತ್ತು.

ಅಹಮದಾಬಾದಿನ ಸೇವಾ ಕೂಡ ಹೀಗೆಯೇ. ಇಳಾ ಭಟ್ ಅವರು 1972ರಲ್ಲಿ ಕಟ್ಟಿದ್ದು ಬೀದಿ ವ್ಯಾಪಾರ, ತಲೆಹೊರೆ, ಮನೆಗೆಲಸದಂಥ ಕೂಲಿನಾಲಿ ಮಾಡುವ ಹೆಂಗಸರ ಕಾರ್ಮಿಕ ಸಂಘ. 1974ರಲ್ಲಿ ಅದೇ ಹೆಂಗಸರು ತಮ್ಮ ಸಹಕಾರಿ ಬ್ಯಾಂಕ್ ಮಾಡಿಕೊಂಡರು. ಬಳಿಕ ಹಾಲು, ಕೈಕಸುಬು ಅಂತ ಎಷ್ಟೋ ಸಂಘಗಳಾದವು. ಹಕ್ಕು ಕೇಳಲಿಕ್ಕೆ ಯೂನಿಯನ್, ಹೊಟ್ಟೆ ತುಂಬಿಸಲಿಕ್ಕೆ ಸಹಕಾರಿ. ಒಂದು ಜತೆ ಎತ್ತು.

ಕೇರಳದ ವಡಗರ ಹತ್ತಿರದ ಊರಾಳುಂಗಲ್ ಲೇಬರ್ ಕಾಂಟ್ರ್ಯಾಕ್ಟ್ ಸೊಸೈಟಿ ಮತ್ತೊಂದು ನಮೂನೆ. 1925ರಲ್ಲಿ ವಾಗ್ಭಟಾನಂದರ ಪ್ರೇರಣೆಯಿಂದ 14 ಮಂದಿ ಕೂಲಿಯವರು ಸೇರಿ ಶುರು ಮಾಡಿದ್ದು. ಕಲ್ಲು ಮಣ್ಣು ಹೊತ್ತವರದ್ದು. ರಸ್ತೆ, ಸೇತುವೆ ಕಟ್ಟುತ್ತಾ ಬೆಳೆದ ಆ ಸಂಘ ಈಗ ಕೋಝಿಕೋಡಿನಲ್ಲಿ ಸಾಫ್ಟ್‌ವೇರ್ ಕಂಪೆನಿಗಳಿಗೆ ಜಾಗ ಕೊಡುವ ಸೈಬರ್‌ಪಾರ್ಕ್ ಕಟ್ಟಿದೆ. ಕೂಲಿಯವರ ಸಂಘಕ್ಕೆ ಕಂಪ್ಯೂಟರ್ ದೂರ ಎನ್ನುವವರು ಒಮ್ಮೆ ಹೋಗಿ ನೋಡಬಹುದು.

ನಮ್ಮ ರಾಜ್ಯದಲ್ಲಿ

ಆ್ಯಪ್ ಕೆಲಸಗಾರರ ಪರಿಸ್ಥಿತಿಯ ಬಗ್ಗೆ ಬೆಂಗಳೂರಿನ ಐಐಐಟಿಯವರೂ ಅಧ್ಯಯನ ಮಾಡಿದ್ದಾರೆ. ಆಕ್ಸ್‌ಫರ್ಡ್ ಜತೆ ಸೇರಿ ಮಾಡಿದ 'ಫೇರ್‌ವರ್ಕ್' ಎಂಬ ಈ ಅಧ್ಯಯನ ಕಂಪೆನಿಗಳಿಗೆ ಹತ್ತರಲ್ಲಿ ಅಂಕ ಕೊಡುತ್ತದೆ. ಸಂಬಳ, ಕೆಲಸದ ಸ್ಥಿತಿ, ಕರಾರು, ಆಡಳಿತ, ಪ್ರಾತಿನಿಧ್ಯ ಹೀಗೆ ಐದು ವಿಷಯ. 2023ರ ವರದಿಯಲ್ಲಿ 12 ಕಂಪೆನಿಗಳನ್ನು ಅಳೆದರು. ಅತಿ ಹೆಚ್ಚು ಪಡೆದವರಿಗೆ ಸಿಕ್ಕಿದ್ದು 6. ಪ್ರಾತಿನಿಧ್ಯದ ವಿಷಯದಲ್ಲಿ, ಅಂದರೆ ಕೆಲಸಗಾರರು ಸಂಘಟಿತರಾಗಿ ಮಾತಾಡುವ ಅವಕಾಶದಲ್ಲಿ, ಎಲ್ಲರಿಗೂ ಸೊನ್ನೆ!

ಇಂಥ ಅಧ್ಯಯನ ಕಪಾಟಿನಲ್ಲಿ ಕೂರುವುದಕ್ಕೆ ಮಾತ್ರವಲ್ಲ. ಯೂನಿಯನ್‌ಗಳು ರಸ್ತೆಯಲ್ಲಿ ಹೇಳುವುದಕ್ಕೆ ಅಂಕಿ ಸಂಖ್ಯೆಯ ಬಲ ಬೇಕಾಗುತ್ತದೆ. 2023ರಲ್ಲಿ ರಾಜಸ್ಥಾನ ಗಿಗ್ ಕೆಲಸಗಾರರಿಗಾಗಿ ಕಾಯ್ದೆ ಮಾಡಿತು. 2025ರಲ್ಲಿ ಕರ್ನಾಟಕವೂ ಮಾಡಿತು. ನಮ್ಮ ಕಾಯ್ದೆಯ ಪ್ರಕಾರ ಕೆಲಸಗಾರರಿಗೆ ಪ್ರತಿ ವ್ಯವಹಾರದಲ್ಲಿ ಕೊಡುವ ಹಣದ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪೆನಿ ಕಟ್ಟಬೇಕು. ಅದನ್ನು ನೋಡಿಕೊಳ್ಳಲು ಮಂಡಳಿ. ಕೆಲಸದಿಂದ ತೆಗೆಯುವುದಾದರೆ ಕಾರಣ ಕೊಟ್ಟು 14 ದಿನ ಮೊದಲು ನೋಟಿಸ್. ಯಾರಿಗೆ ಕೆಲಸ, ಎಷ್ಟು ದರ ಎಂದು ಯಂತ್ರ ತೀರ್ಮಾನಿಸುವ ಬಗೆಯನ್ನು ಕೆಲಸಗಾರರು ಕೇಳಿ ತಿಳಿಯಬಹುದು. ಬೆಂಗಳೂರಲ್ಲಿ ಮಕ್ಕಳಿರುವವರು ಈ ವಿಷಯ ಅವರ ಕಿವಿಗೆ ಹಾಕಿ, ಹೆಸರು ನೋಂದಾಯಿಸಲು ಹೇಳಿ.

ಇನ್ನು ಸಹಕಾರಿ ಆ್ಯಪ್. 2025ರಲ್ಲಿ ಕಾರು, ಆಟೊ ಚಾಲಕರಿಗಾಗಿ ಬಹುರಾಜ್ಯ ಸಹಕಾರಿಯೊಂದು ನೋಂದಣಿಯಾಯಿತು. ಹೆಸರು ಸಹಕಾರ ಟ್ಯಾಕ್ಸಿ, ಆ್ಯಪಿನ ಹೆಸರು ಭಾರತ್ ಟ್ಯಾಕ್ಸಿ. ಅಮುಲ್, ಇಫ್ಕೋ, ನಬಾರ್ಡ್‌ನಂಥವುಗಳ ಬೆಂಬಲವಿದೆ. ಆ ವರ್ಷದ ಕೊನೆಗೆ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಓಡಾಟ ಶುರುವಾಯಿತು. ಇಲ್ಲಿ ನೋಡಬೇಕಾದದ್ದು ಒಂದೇ: ಮೇಲಿನಿಂದ ಹುಟ್ಟಿದ ಸಂಘದಲ್ಲಿ ಚಾಲಕನ ಮಾತು ಎಷ್ಟು ನಡೆಯುತ್ತದೆ? ಇಂಥ ಪ್ರಶ್ನೆಗೇ ಫೆಲೋಶಿಪ್ ಬೇಕಾಗುವುದು.

ತೋಟದವನಿಗೆ ಇದರಿಂದೇನು?

ಇಲ್ಲಿಯವರೆಗೆ ಓದಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಉತ್ತರ: ಮುಂದಿನ ಸರದಿ ನಮ್ಮದು. ಈಗಾಗಲೇ ಅರ್ಧ ಬಂದಾಗಿದೆ.

2022ರಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿತು. ನಮ್ಮ ಸಾಲ, ಜಾಗ, ಬೆಳೆ, ಗೊಬ್ಬರ ಕೊಂಡ ಲೆಕ್ಕ ಎಲ್ಲ ಯಂತ್ರಕ್ಕೆ ಹೋಗುತ್ತದೆ. ಒಳ್ಳೆಯದೇ. ಬಾಂಡ್ ಪುಸ್ತಕ ಗೆದ್ದಲು ತಿನ್ನುವ ಕಾಲ ಮುಗಿಯಿತು. ಇನ್ನೊಂದು ಕಡೆ ಖಾಸಗಿ ಆ್ಯಪ್‌ಗಳು. ಔಷಧಿ ಮಾರುತ್ತವೆ, ಸಲಹೆ ಕೊಡುತ್ತವೆ, ಫಸಲು ಕೊಳ್ಳುತ್ತವೆ, ಸಾಲವನ್ನೂ ಕೊಡುತ್ತವೆ. ಮೊದಲ ವರ್ಷ ರೇಟು ಚಂದ ಸಿಗಬಹುದು. ಊರಿನ ವ್ಯಾಪಾರಿ, ಸೊಸೈಟಿ ಎರಡೂ ಬಡವಾದ ಮೇಲೆ ರೇಟು ಹೇಳುವವರು ಯಾರು?

1970ರ ಸುಮಾರಿಗೆ ಅಡಿಕೆ ಧಾರಣೆ ಬಿದ್ದಾಗ ನಮ್ಮ ಹಿರಿಯರು ಇದನ್ನು ಉಂಡವರೇ. ಅದಕ್ಕೆ ಉತ್ತರವಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ಮಾರುಕಟ್ಟೆಯಲ್ಲಿ ರೈತರದ್ದೇ ಒಬ್ಬ ಖರೀದಿದಾರ ಇದ್ದರೆ ಉಳಿದವರು ತೀರಾ ಕೆಳಗೆ ಇಳಿಸಲಾರರು. ಆ ತತ್ತ್ವಕ್ಕೆ ವಯಸ್ಸಾಗಿಲ್ಲ. ಆ್ಯಪ್ ಮಾರುಕಟ್ಟೆಯಲ್ಲೂ ರೈತರದ್ದೇ ಒಂದು ಅಂಗಡಿ ಬೇಕು.

ಹೊಸ ಸಂಘ ಕಟ್ಟುವ ಕಷ್ಟ ನಮಗಿಲ್ಲ. ನ್ಯೂಯಾರ್ಕಿನವರು ಹುಡುಕಿಕೊಂಡು ಹೋದ ಬಾವಿ ನಮ್ಮ ಹಿತ್ತಿಲಲ್ಲೇ ಇದೆ. ಊರೂರಿಗೂ ಸೊಸೈಟಿ, ಹಾಲಿನ ಡಿಪೊ. ಆದರೆ ಹೂಳು ತೆಗೆಯಬೇಕು. ಮಹಾಸಭೆಗೆ ಕೋರಂ ಆಗುವುದಿಲ್ಲ. ಆದರೂ ಕಾಫಿ ಆಗುವಾಗ ಬಂದು ಕಾಫಿ ಮುಗಿಯುವಾಗ ಹೋಗುವವರೇ ಜಾಸ್ತಿ. ಯುವಕರು ಸದಸ್ಯರೇ ಅಲ್ಲ. ಮನೆ ಹೆಂಗಸರು ಹಾಲು ಕರೆಯುವುದಕ್ಕೆ ಉಂಟು, ಪಾಲು ಗಂಡಸರ ಹೆಸರಲ್ಲಿ. ಇಂಥಲ್ಲಿಗೆ ಯಂತ್ರ ಬಂದರೆ ಯಂತ್ರವೇ ಯಜಮಾನ ಆದೀತು.

ಒಂದು ಸೂಚನೆ. ಹತ್ತಿರದ ಕಾಲೇಜಿನಲ್ಲಿ ವಾಣಿಜ್ಯ, ಸಮಾಜಕಾರ್ಯ, ಕಂಪ್ಯೂಟರ್ ಓದುವ ನಮ್ಮದೇ ಮಕ್ಕಳಿದ್ದಾರೆ. ಅವರಿಗೆ ಪ್ರಾಜೆಕ್ಟ್ ಬರೆಯಲಿಕ್ಕಿರುತ್ತದೆ. ಸೊಸೈಟಿ ಲಾಭದಲ್ಲಿ ಸಹಕಾರ ಶಿಕ್ಷಣಕ್ಕೆಂದು ಒಂದು ಪಾಲು ತೆಗೆದಿಡುವ ಪದ್ಧತಿ ಹೇಗೂ ಇದೆ. ಅದರ ಹೊರತಾಗಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಸ್ವಲ್ಪ ಹಣ ಕೊಟ್ಟು 'ನಮ್ಮ ಸೊಸೈಟಿಯನ್ನು ಆರು ತಿಂಗಳು ನೋಡಿ ಬರೆ' ಎಂದರೆ ಹೇಗೆ? ಎಷ್ಟು ಸದಸ್ಯರು ವ್ಯವಹಾರ ಬಿಟ್ಟರು, ಯಾಕೆ ಬಿಟ್ಟರು, ಯಾವ ಆ್ಯಪಿಗೆ ಹೋದರು, ಅಲ್ಲಿ ಎಷ್ಟು ಸಿಕ್ಕಿತು. ಮಹಾಸಭೆಯಲ್ಲಿ ಆ ಹುಡುಗಿಯೋ ಹುಡುಗನೋ ಅರ್ಧ ಗಂಟೆ ಓದಲಿ. ಫೆಲೋಶಿಪ್ ಎಂಬ ದೊಡ್ಡ ಹೆಸರು ಬೇಡ. ಕೆಲಸ ಅದೇ.

ಮಹಾಸಭೆಯಲ್ಲಿ ಕೇಳಿ

ನಿಮ್ಮ ಸೊಸೈಟಿ, ಡಿಪೊ ಅಥವಾ ರೈತ ಕಂಪೆನಿ ಹೊಸ ಸಾಫ್ಟ್‌ವೇರ್ ಹಾಕುವ, ಯಾವುದಾದರೂ ಆ್ಯಪಿನೊಂದಿಗೆ ಕರಾರು ಮಾಡುವ ಮೊದಲು ಇಷ್ಟನ್ನು ಕೇಳಿ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ:

1. ಸದಸ್ಯರ ವಿವರ ಯಾರ ಕೈಯಲ್ಲಿರುತ್ತದೆ? ಬೇರೆಯವರಿಗೆ ಕೊಡುವ ಅಧಿಕಾರ ಯಾರಿಗೆ?

2. ಕರಾರು ಮುಗಿದರೆ ನಮ್ಮ ಲೆಕ್ಕ ನಮಗೆ ವಾಪಸು ಸಿಗುತ್ತದೆಯೇ? ಬೇರೆ ಸಾಫ್ಟ್‌ವೇರ್ ಓದುವ ರೂಪದಲ್ಲಿ ಸಿಗುತ್ತದೆಯೇ?

3. ವರ್ಷದ ಶುಲ್ಕ, ಕಮಿಶನ್ ಎಷ್ಟು? ಹೆಚ್ಚಿಸುವುದಾದರೆ ಯಾರನ್ನು ಕೇಳಿ?

4. ತೂಕ, ದರ್ಜೆ, ದರದಲ್ಲಿ ತಕರಾರು ಬಂದರೆ ಎದುರು ಕೂತು ಮಾತಾಡುವ ಮನುಷ್ಯ ಯಾರು? ಎಷ್ಟು ದಿನದೊಳಗೆ?

5. ಮೊಬೈಲು ಬಾರದ ಸದಸ್ಯನಿಗೆ ವ್ಯವಸ್ಥೆ ಏನು?

6. ಅಕ್ಕಪಕ್ಕದ ಹತ್ತು ಸೊಸೈಟಿಗಳು ಸೇರಿ ಒಂದೇ ಸಾಫ್ಟ್‌ವೇರ್ ಮಾಡಿಸಿದರೆ ಖರ್ಚು ಎಷ್ಟು ಇಳಿದೀತು?

ಉತ್ತರ ಸಿಗದಿದ್ದರೆ ಸಹಿ ಮುಂದೂಡಲು ಹೇಳಿ. ಮಳೆಗಾಲ ಮುಗಿಯುವುದರೊಳಗೆ ಹೆಚ್ಚಿನ ಸಂಘಗಳ ಮಹಾಸಭೆ ಬರುತ್ತದೆ. ಈ ಸಲ ಕಾಫಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ಕೂರುವ. ಹೋಗುವಾಗ ಮನೆಯ ಒಂದು ಯುವ ತಲೆಯನ್ನೂ ಕರೆದುಕೊಂಡು ಹೋಗಿ. ಆ್ಯಪ್ ಅವರಿಗೆ ಗೊತ್ತು, ಸಂಘ ನಮಗೆ ಗೊತ್ತು. ಎರಡೂ ಒಂದೇ ಬೆಂಚಿನಲ್ಲಿ ಕೂತರೆ ಪ್ರಶ್ನೆ ಸರಿಯಾಗಿ ಬಂದೀತು.